ಉತ್ತರದ ತಾರೀಖು ಪ್ರಶ್ನೆಗಿಂತ ಹಿಂದಿನದು! 17ನೇ ಶತಮಾನದ ಇಂಗ್ಲೆಂಡ್ ವಿದ್ವಾಂಸರ ಪತ್ರಗಳನ್ನು ಜೋಡಿಸೋದು ಹೇಗೆ?

ರಾಯಚೂರು ಓದುಗಿತ್ತಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ರಾಯಚೂರಿನಲ್ಲಿ ಪದವಿ ವಿದ್ಯಾರ್ಥಿಗಳಿಗೆ ಒಂದು ಸಣ್ಣ ಪ್ರದರ್ಶನ ಸಿದ್ಧವಾಗ್ತಿದೆ. 1600ರಿಂದ 1640ರ ನಡುವೆ ಇಂಗ್ಲೆಂಡಿನ ವಿದ್ವಾಂಸರು, ಪುಸ್ತಕ ಸಂಗ್ರಾಹಕರು ಬರೆದ 12 ಪತ್ರಗಳ ಕನ್ನಡ ಅನುವಾದ ಗೋಡೆಗೆ ಹಾಕಬೇಕು. ರಾಬರ್ಟ್ ಕಾಟನ್, ವಿಲಿಯಂ ಕ್ಯಾಮ್ಡನ್, ಜೇಮ್ಸ್ ಅಶರ್ ಇವರ ಪತ್ರಗಳೇ ಹೆಚ್ಚು. ಕಾಲಕ್ರಮದಲ್ಲಿ ಜೋಡಿಸಲು ಹೋದರೆ ಲೆಕ್ಕ ಕೂಡ್ತಿಲ್ಲ. ಡಿಸೆಂಬರಿನಲ್ಲಿ ಪುಸ್ತಕ ಕೇಳಿದ ಪತ್ರಕ್ಕೆ ಅದೇ ವರ್ಷದ ಜನವರಿಯ ತಾರೀಖಿನ ಉತ್ತರ ಇದೆ. ಮುದ್ರಣದ ತಪ್ಪೇ?

ಜೊತೆಗೆ, ವಿದ್ಯಾರ್ಥಿಗಳ ಕೈಯಲ್ಲೇ ಆ ಕಾಲದ ಹಾಗೆ ಒಂದು ಪತ್ರ ಬರೆಸಿ, ಮಡಿಸಿ, ಮುದ್ರೆ ಒತ್ತಿಸುವ ಆಸೆ. ಲಕೋಟೆ ಇಲ್ಲದೆ ಹೇಗೆ ಕಳಿಸ್ತಿದ್ದರು? ಶಾಯಿಗೆ ಬೇಕಾದದ್ದು ನಮ್ಮ ಕಡೆ ಸಿಗುತ್ತಾ?

ಬಳ್ಳಾರಿ ಕೋಟೆಬದಿ:

ಮೇಡಂ, ಪತ್ರ ಸರಿ ಇದೆ, ವರ್ಷ ಶುರುವಾಗುವ ದಿನ ಬೇರೆ. ಆಗಿನ ಇಂಗ್ಲೆಂಡಿನಲ್ಲಿ ವರ್ಷದ ಸಂಖ್ಯೆ ಬದಲಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ನಮ್ಮಲ್ಲಿ ಸಂವತ್ಸರದ ಹೆಸರು ಜನವರಿಗೆ ಬದಲಾಗಲ್ಲ, ಯುಗಾದಿಗೆ ಬದಲಾಗುತ್ತಲ್ಲ, ಅದೇ ರೀತಿ. ಡಿಸೆಂಬರ್ 1628 ಮುಗಿದ ಮೇಲೆ ಬರುವ ಜನವರಿ, ಫೆಬ್ರವರಿ, ಮಾರ್ಚ್ 24ರ ತನಕ ಅವರು 1628 ಅಂತಲೇ ಬರೀತಾರೆ. ನಮ್ಮ ಲೆಕ್ಕದಲ್ಲಿ ಅದು 1629. ಇದು 1752ರಲ್ಲಿ ಬದಲಾಯಿತು. ಸ್ಕಾಟ್ಲೆಂಡ್ ಮಾತ್ರ 1600ರಿಂದಲೇ ಜನವರಿ 1ಕ್ಕೆ ಬಂದಿತ್ತು.

ಹಾಗಂತ ಎಲ್ಲ ಜನವರಿ ಪತ್ರಕ್ಕೂ ಕಣ್ಣು ಮುಚ್ಚಿ ಒಂದು ವರ್ಷ ಕೂಡಿಸಬೇಡಿ. ಕೆಲವರು ಆಗಲೇ 1628/9 ಅಂತ ಎರಡೂ ಬರೀತಿದ್ದರು. ಇನ್ನು 19ನೇ ಶತಮಾನದ ಕೆಲ ಸಂಪಾದಕರು ಹೇಳದೆ ಕೇಳದೆ ವರ್ಷ ತಿದ್ದಿ ಮುದ್ರಿಸಿದ್ದಾರೆ. ನೀವೂ ಕೂಡಿಸಿದರೆ ಎರಡು ಸಲ ತಿದ್ದಿದ ಹಾಗಾಗಿ ಪತ್ರ ಒಂದು ವರ್ಷ ಮುಂದೆ ಹೋಗುತ್ತೆ. ಮೊದಲು ಸಂಪಾದಕರ ಮುನ್ನುಡಿ ಓದಿ.

ಆಮೇಲೆ ಸಹಿ ನೋಡಿ, ಇದು ಬಹಳ ಉಪಯೋಗಕ್ಕೆ ಬರುತ್ತೆ. ಅಶರ್ 1621ರಲ್ಲಿ ಐರ್ಲೆಂಡಿನ ಮೀದ್‌ನ ಬಿಷಪ್ ಆದರು, 1625ರಲ್ಲಿ ಅಲ್ಲಿನದೇ ಅರ್ಮಾದ ಆರ್ಚ್‌ಬಿಷಪ್. ಆಮೇಲಿನ ಸಹಿ 'ಜಾ. ಅರ್ಮಕಾನುಸ್' ಅಂತ, ಲ್ಯಾಟಿನ್‌ನಲ್ಲಿ 'ಅರ್ಮಾದ ಜೇಮ್ಸ್'. ಹಾಗೆ ಸಹಿ ಇದ್ದ ಪತ್ರ 1625ಕ್ಕಿಂತ ಹಿಂದಿನದು ಆಗೋಕೆ ಸಾಧ್ಯವೇ ಇಲ್ಲ. ಕಾಟನ್ 1603ರ ನಂತರ ತನ್ನ ಹೆಸರಿಗೆ 'ಬ್ರೂಸಿಯಸ್' ಸೇರಿಸಿಕೊಂಡರು. ಅದನ್ನು ಬೇರೆ ಮನುಷ್ಯ ಅಂದುಕೊಂಡು ಪಟ್ಟಿಯಲ್ಲಿ ಇನ್ನೊಂದು ಹೆಸರು ಬರೆಯಬೇಡಿ. ಹಲವು ಸಲ ಪತ್ರ ಪಡೆದವರೇ ಹಿಂಬದಿಯಲ್ಲಿ ಕಳಿಸಿದವರ ಹೆಸರು, ತಲುಪಿದ ದಿನ ಗೀಚಿರ್ತಾರೆ. ಅದನ್ನು ಬಿಟ್ಟು ಅನುವಾದ ಮಾಡಬೇಡಿ.

ಫಲಕದ ಮೇಲೆ 'ಜನವರಿ 14, 1628/29' ಅಂತ ಬರೆದರೆ ಸಾಕು. ನೋಡುವವರಿಗೂ ಗೊಂದಲ ಇರಲ್ಲ.

ರಾಯಚೂರು ಓದುಗಿತ್ತಿ:

ತುಂಬಾ ಧನ್ಯವಾದ ಸರ್. ಈಗ ಒಂಬತ್ತು ಪತ್ರ ಸಾಲಾಗಿ ಕೂತವು. ಉಳಿದ ಮೂರು ಲ್ಯಾಟಿನ್‌ನಲ್ಲಿ ಹಾಲೆಂಡಿನ ಲೈಡನ್‌ನಿಂದ ಬಂದವು. ಅಂಥ ಪತ್ರದಲ್ಲಿ '14 ಕಲೆಂಡ್ಸ್ ಫೆಬ್ರವರಿ, 1628' ಅಂತಿದ್ದರೆ ಫೆಬ್ರವರಿ 14, 1629 ಅಂತ ತಗೊಳ್ಳಬಹುದಾ?

ಬಳ್ಳಾರಿ ಕೋಟೆಬದಿ:

ಬೇಡ ಮೇಡಂ, ಅದರಲ್ಲಿ ಮೂರು ತಪ್ಪು ಒಟ್ಟಿಗೆ ಆಗುತ್ತೆ.

ಕಲೆಂಡ್ಸ್ ಅಂದರೆ ತಿಂಗಳ ಮೊದಲ ದಿನ. ಅಲ್ಲಿಂದ ಹಿಂದಕ್ಕೆ ಎಣಿಸಬೇಕು, ಆ ಮೊದಲ ದಿನವನ್ನೂ ಸೇರಿಸಿ. ಫೆಬ್ರವರಿ 1 ಒಂದು, ಜನವರಿ 31 ಎರಡು, ಹೀಗೆ ಹದಿನಾಲ್ಕನೆಯದು ಜನವರಿ 19. ಹೆಸರು ಫೆಬ್ರವರಿಯದು, ದಿನ ಜನವರಿಯದು. ತಿಂಗಳ ನಡುವಿನ 'ಐಡ್ಸ್'ಗೂ ಎಣಿಕೆ ಹೀಗೇ. ಮಾರ್ಚ್ ಐಡ್ಸ್ 15ಕ್ಕೆ ಬೀಳುತ್ತೆ, '3 ಐಡ್ಸ್ ಮಾರ್ಚ್' ಅಂದರೆ ಮಾರ್ಚ್ 13.

ಎರಡನೆಯದು, ಲೈಡನ್‌ನಲ್ಲಿ ವರ್ಷ ಜನವರಿ 1ಕ್ಕೇ ಶುರು. ಅಲ್ಲಿ 1628 ಅಂದರೆ 1628.

ಮೂರನೆಯದು ಪಂಚಾಂಗದ ಹತ್ತು ದಿನ. 1582ರಲ್ಲಿ ಪೋಪ್ ಗ್ರೆಗರಿ ತಂದ ತಿದ್ದುಪಡಿಯನ್ನು ಫ್ರಾನ್ಸ್, ಲೈಡನ್ ಇರುವ ಹಾಲೆಂಡ್ ಪ್ರಾಂತ್ಯ ಬೇಗನೆ ಒಪ್ಪಿಕೊಂಡವು, ಇಂಗ್ಲೆಂಡ್ 1752ರ ತನಕ ಒಪ್ಪಲಿಲ್ಲ. ಲೈಡನ್‌ನ ಜನವರಿ 19, ಲಂಡನ್‌ನಲ್ಲಿ ಜನವರಿ 9. ಆ ದಿನ ಲಂಡನ್ನಿನವರು ಬರೆದಿದ್ದರೆ 'ಜನವರಿ 9, 1627' ಅಂತ ಹಾಕಿರೋರು. ಸಮುದ್ರ ದಾಟಿದ ಪತ್ರ 'ಬರೆಯೋಕಿಂತ ಮೊದಲೇ ತಲುಪಿತು' ಅನ್ನಿಸೋದು ಇದಕ್ಕೇ. ಎಚ್ಚರದಿಂದ ಬರೆಯುವವರು 9/19 ಅಂತ ಭಿನ್ನರಾಶಿ ಹಾಗೆ ಎರಡೂ ದಿನ ಹಾಕ್ತಿದ್ದರು. ಆದರೆ ಹಾಲೆಂಡಿನ ನೆರೆಯ ಯೂಟ್ರೆಕ್ಟ್ ಪ್ರಾಂತ್ಯ ಇಂಗ್ಲೆಂಡಿನ ಹಾಗೇ ಹಳೆ ಲೆಕ್ಕದಲ್ಲಿತ್ತು, ಅದಕ್ಕೆ ಊರಿನ ಹೆಸರು ನೋಡದೆ ಹತ್ತು ದಿನ ಕಳೆಯಬೇಡಿ.

ಕೊಪ್ಪಳದ ಕೈಕಾಗದ:

ಮಡಿಕಿ, ಅರಗು, ಶಾಯಿ ಬಗ್ಗೆ ನಾ ಹೇಳ್ತೀನ್ರಿ ಅಕ್ಕಾರ.

ಆವಾಗಿನ ಹಾಳಿ ಬಿಚ್ಚಿದ್ರ ಹೆಚ್ಚುಕಮ್ಮಿ 30 ಸೆಂ.ಮೀ. ಎತ್ತರ, 40 ಅಗಲ. ಅಂಗಡ್ಯಾಗ ಸಿಗೋ ಎ3 ಹಾಳಿ ಅದಕ್ಕ ಬರೋಬ್ಬರಿ ಆಗತೈತಿ. ನಡಕ ಒಂದ್ ಸಲ ಮಡಚ್ರಿ, ನಾಕು ಪುಟ ಆತು. ಒಂದನೇ ಪುಟದಾಗ ಬರೀರಿ, ಸಾಲದಿದ್ರ ಎರಡು, ಮೂರಕ್ಕ ಹೋಗ್ರಿ. ನಾಕನೇ ಪುಟ ಪೂರ್ತಿ ಖಾಲಿ ಇರಬೇಕು, ವಿಳಾಸ ಅಲ್ಲೇ. ದೊಡ್ಡವರಿಗೆ ಬರದ್ರ ಒಕ್ಕಣಿಗೂ ಸಹಿಗೂ ನಡುವ ಬಾಳ ಜಾಗ ಬಿಟ್ಟು, ಸಹಿ ಕೆಳಗ ಬಲಮೂಲ್ಯಾಗ ಹಾಕೋದು ಮರ್ಯಾದಿ. ಹುಡುಗರು ಕಾಗದ ಉಳಸಾಕ ಹೋಗಿ ಅದನ್ನ ತುಂಬಿಸಿಬಿಡ್ತಾರ, ಮೊದ್ಲೇ ಹೇಳ್ರಿ.

ಮಡಚೋದು ಹಿಂಗ: ಒಂದನೇ ಪುಟ ಮ್ಯಾಲ, ನಾಕನೇದು ಮೇಜಿನ ಕಡಿಗೆ. ಕೆಳಗಿನ ಮೂರನೇ ಒಂದು ಭಾಗ ಮ್ಯಾಲಕ್ಕ, ಮ್ಯಾಲಿಂದು ಅದರ ಮ್ಯಾಲ. 10 ಸೆಂ.ಮೀ. ಪಟ್ಟಿ ಆತು. ಈಗ ಎರಡೂ ತುದಿ ಏಳೇಳು ಸೆಂ.ಮೀ. ಒಳಕ್ಕ ತಂದು, ಒಂದು ತುದಿನ ಇನ್ನೊಂದರ ಪದರಿನ್ಯಾಗ ತೂರಿಸ್ರಿ. ಹೊಳ್ಳಿಸಿದ್ರ ಸ್ವಚ್ಛ ಮುಖ, ಅಲ್ಲಿ ವಿಳಾಸ. ತೂರಿಸಿದ ಸಂದಿಗೆ ಅರಗು. ಒಂದೇ ತುದಿ ಮ್ಯಾಲ ಬಿದ್ರ ಮುದ್ರಿ ಇದ್ದಂಗ ಇರತೈತಿ, ಪತ್ರ ಬಿಚ್ಚಿಕೊಂತೈತಿ, ಅದಕ್ಕ ಎರಡೂ ಪದರು ಹಿಡಿಯೋ ಹಂಗ ಹಾಕ್ರಿ. ಬಿಚ್ಚುವಾಗ ಕಾಗದ ಹರದು ಅರಗಿನ್ಯಾಗ ಉಳೀತೈತಿ. ಹಳೇ ಪತ್ರದಾಗ ಅಂಚಿನ ಕಡೆ ಒಂದೆರಡು ಶಬ್ದ ಯಾಕ ಇಲ್ಲ ಅಂಬೋದು ಹುಡುಗರಿಗೆ ಆವಾಗ ಕಣ್ಣಿಗೇ ಕಾಣತೈತಿ.

ಅರಗು ಅಂದ್ರ ಅಂಚೆ ಪಾರ್ಸಲ್ಲಿಗೆ ಹಾಕೋ ಕೆಂಪು ಕಡ್ಡಿ, ಗ್ಲೂ ಗನ್ ಕಡ್ಡಿ ಬ್ಯಾಡ್ರಿ. ಉರಿ ಒಳಗ ಹಿಡದ್ರ ಮಸಿ ಕೂಡಿ ಕಪ್ಪಾಗತೈತಿ, ಉರಿ ಬಾಜೂಕ ಹಿಡೀರಿ. ಹೊಳಪು ಒಂಚೂರು ಕಮ್ಮಿ ಆದಕೂಡ್ಲೆ ಒತ್ತಬೇಕು. ನಾಕೈದು ಒತ್ತಿದ ಮ್ಯಾಲ ಅಚ್ಚು ಬಿಸಿ ಆಗಿ ಅಂಟತೈತಿ, ಒದ್ದಿ ಅರಿವಿ ಮ್ಯಾಲ ಇಟ್ಟು ತಂಪು ಮಾಡ್ಕೋರಿ. ನಮ್ಮ ಬ್ಯಾಸಗಿ ಬಿಸಿಲಿಗೆ ಮುದ್ರಿ ಹಾಕಿದ ಪತ್ರ ಒಂದ್ರ ಮ್ಯಾಲೊಂದು ಒಟ್ಟಬ್ಯಾಡ್ರಿ.

ಶಾಯಿ ಸಾಮಾನು ಎಲ್ಲಾ ಗಿಡಮೂಲಿಕಿ ಅಂಗಡ್ಯಾಗ ಅದಾವ. 1571ರಾಗ ಲಂಡನ್ನಿನ್ಯಾಗ ಅಚ್ಚಾದ ಒಂದು ಬರವಣಿಗಿ ಪುಸ್ತಕದ ಲೆಕ್ಕ ನಮ್ಮ ಅಳತಿಗೆ ತಂದ್ರ, 100 ಮಿ.ಲೀ.ಗೆ ಮಾಚಿಕಾಯಿ 15 ಗ್ರಾಂ, ಅನ್ನಭೇದಿ (ಫೆರಸ್ ಸಲ್ಫೇಟ್) 9, ಜಾಲಿ ಅಂಟು 6. ಅವರು ದ್ರಾಕ್ಷಾರಸ ಹಾಕ್ತಿದ್ರು, ನೀರಾದ್ರೂ ನಡೀತೈತಿ. ಮಾಚಿಕಾಯಿ ಜಜ್ಜಿ ಮೂರ್ನಾಕು ದಿನ ನೆನಸಿ, ಅರಿವ್ಯಾಗ ಸೋಸಿ, ಆಮ್ಯಾಲ ಉಳಿದೆರಡು ಹಾಕ್ರಿ. ಗಾಜಿನ ಭರಣಿನೇ ಬೇಕು, ಕಬ್ಬಿಣದ್ದು ಬ್ಯಾಡ. ಅನ್ನಭೇದಿ ತಿಳಿ ಹಸಿರು ಹರಳು ಇರಬೇಕು, ಹಳದಿ-ಕಂದು ಪುಡಿ ಆಗಿದ್ರ ಅದು ಹಳೇದು. ಬರದ ಕೂಡ್ಲೆ ಅಕ್ಷರ ಪೇಲವ ಕಾಣ್ತಾವ, ಗಾಳಿ ತಾಗಿ ಮರುದಿನಕ್ಕ ಕಪ್ಪಾಗ್ತಾವ. ಕಪ್ಪಾಗಲಿಲ್ಲ ಅಂತ ಅನ್ನಭೇದಿ ಹೆಚ್ಚಿಗೆ ಹಾಕಿದ್ರ ಮುಂದ ಕಾಗದಾನ ತಿಂದು ಹಾಕತೈತಿ. ಅಂಟು ಕಮ್ಮಿ ಆದ್ರ ಕರಿ ತಳಕ್ಕ ಕೂಡತೈತಿ. ಕೈಕಾಗದ ತಂದ್ರ ಶಾಯಿ ಹೀರಿ ಹರಡತೈತಿ, ತೆಳು ಗಂಜಿ ಸವರಿ ಒಣಗಿಸಿ, ನುಣ್ಣನೆ ಕಲ್ಲಿನಿಂದ ತಿಕ್ಕಿ ಬರೀರಿ. ಹಿಂಬದಿಗೆ '2 ಪೆನ್ನಿ' ಅಂತ ಅಂಚೆ ಹಾಸಲು ಬರೆಸಿದ್ರ ಚಂದ ಕಾಣತೈತಿ.

ಸಿರುಗುಪ್ಪ ನದಿದಂಡೆ:

ಅಣ್ಣಾರು ಹೇಳಿದ ಮಡಿಕೆ, ಶಾಯಿ ಎಲ್ಲ ಸರಿ. ಎರಡು ಪೆನ್ನಿ ಮಾತ್ರ ಕಾಟನ್, ಕ್ಯಾಮ್ಡನ್ ಪತ್ರಗಳ ಮೇಲೆ ಬರೆಸಬೇಡಿ. ರಾಜನ ಅಂಚೆ ಸಾರ್ವಜನಿಕರಿಗೆ ತೆರೆದದ್ದು 1635ರಲ್ಲಿ. ಕ್ಯಾಮ್ಡನ್ ತೀರಿಕೊಂಡಿದ್ದು 1623ಕ್ಕೆ, ಕಾಟನ್ 1631ಕ್ಕೆ. 1635ರ ದರ ಒಂದು ಹಾಳೆಗೆ 80 ಮೈಲಿ ಒಳಗೆ 2 ಪೆನ್ನಿ, 140 ಮೈಲಿ ತನಕ 4, ಅದರಾಚೆ 6. ಹಾಳೆ ಎಣಿಸಿ ಹಾಸಲು ತಗೊಳ್ತಿದ್ದರಿಂದ ಲಕೋಟೆ ಹಾಕಿದರೆ ಇನ್ನೊಂದು ಹಾಳೆಯ ದುಡ್ಡು. ಪತ್ರವೇ ತನಗೆ ತಾನೇ ಲಕೋಟೆ ಆಗಿಯೇ ಉಳಿದದ್ದಕ್ಕೆ ಇದೂ ಒಂದು ಕಾರಣ.

ಅದಕ್ಕೆ ಮೊದಲು ಪತ್ರ ಹೋಗ್ತಿದ್ದದ್ದು ಆಳುಗಳ ಕೈಯಲ್ಲಿ, ಊರಿಗೆ ಹೊರಟ ಸ್ನೇಹಿತರ ಕೈಯಲ್ಲಿ, ಬಾಡಿಗೆ ಗಾಡಿಯವರ ಮೂಲಕ. ಗಾಡಿಯವರು ವಾರದ ಗೊತ್ತಾದ ದಿನ ಲಂಡನ್ನಿನ ಗೊತ್ತಾದ ಛತ್ರದಲ್ಲಿ ಇಳಿಯೋರು. ಯಾವ ಊರಿನ ಗಾಡಿ ಯಾವ ಛತ್ರಕ್ಕೆ ಯಾವ ದಿನ ಅಂತ ಜಾನ್ ಟೇಲರ್ 1637ರಲ್ಲಿ ಒಂದು ಪಟ್ಟಿಯನ್ನೇ ಅಚ್ಚು ಹಾಕಿಸಿದರು. ಪುಸ್ತಕವೂ ಗಾಡಿಯಲ್ಲೇ. ಅದಕ್ಕೇ ಪತ್ರದಲ್ಲಿ ಗಾಡಿಯವನ ಹೆಸರು, ಛತ್ರದ ಹೆಸರು ಬರುತ್ತೆ. ಸಿಂಧನೂರು ಬಸ್ಸಿಗೆ ಪಾರ್ಸಲ್ ಹಾಕಿ ಬಸ್ ನಂಬರ್ ಫೋನಿನಲ್ಲಿ ಹೇಳ್ತೀವಲ್ಲ, ಅಂಥದ್ದು. ಅನುವಾದದಲ್ಲಿ ಆ ಸಾಲು ಬೇಸರದ್ದು ಅಂತ ಕತ್ತರಿಸಬೇಡಿ.

ಇನ್ನೊಂದು ವಿಷಯ ಫಲಕಕ್ಕೆ ಬೇಕು. ಕಾಟನ್ ಹಸ್ತಪ್ರತಿ ಎರವಲು ಕೊಡ್ತಿದ್ದರು. ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯ ಕೊಡುತ್ತಿರಲಿಲ್ಲ, 1645ರಲ್ಲಿ ರಾಜ ಒಂದನೇ ಚಾರ್ಲ್ಸ್ ಕೇಳಿದಾಗಲೂ ಇಲ್ಲ ಅಂದಿತು. ಹಾಗಾಗಿ ಕಾಟನ್‌ಗೆ ಬಂದ ಪತ್ರಗಳಲ್ಲಿ 'ಕಳಿಸಿ', 'ವಾಪಸ್ ಕಳಿಸಿದೆ', 'ಇನ್ನೂ ಸ್ವಲ್ಪ ದಿನ ಇರಲಿ' ಇವೇ ಹೆಚ್ಚು. ಎರವಲು ತಗೊಂಡವರು ನಕಲು ಮಾಡಿಕೊಳ್ಳೋರು. 1731ರ ಅಕ್ಟೋಬರ್ 23ರಂದು ಲಂಡನ್ನಿನ ಆಶ್‌ಬರ್ನ್‌ಹ್ಯಾಮ್ ಹೌಸ್‌ನಲ್ಲಿ ಕಾಟನ್ ಸಂಗ್ರಹಕ್ಕೆ ಬೆಂಕಿ ಬಿತ್ತು. 'ಓಥೊ ಎ 12' ಅನ್ನುವ ಹಸ್ತಪ್ರತಿಯಲ್ಲಿದ್ದ, 9ನೇ ಶತಮಾನದ ಇಂಗ್ಲೆಂಡಿನ ಆಲ್ಫ್ರೆಡ್ ರಾಜನ ಜೀವನಚರಿತ್ರೆ ಪೂರ್ತಿ ಸುಟ್ಟುಹೋಯಿತು. ಇವತ್ತು ಅದನ್ನು ಓದೋಕೆ ಇರೋದು ಬೆಂಕಿಗೆ ಮೊದಲಿನ ನಕಲುಗಳು, 1574ರ ಮುದ್ರಣ ಇಂಥವೇ.

ಓಥೊ, ನೀರೊ ಇವೆಲ್ಲ ರೋಮ್ ಚಕ್ರವರ್ತಿಗಳ ಹೆಸರು, ಕಪಾಟಿನ ಮೇಲಿದ್ದ ಮೂರ್ತಿಯಿಂದ ಬಂದ ಗುರುತು. ಪತ್ರಗಳಲ್ಲಿ ಆ ಗುರುತು ಹುಡುಕಬೇಡಿ. ಅಲ್ಲಿ ಪುಸ್ತಕದ ಒಳಗೇನಿದೆ, ರಟ್ಟು ಎಂಥದ್ದು ಅಂತ ವರ್ಣನೆ ಇರುತ್ತೆ, ಅದರಿಂದ ಇವತ್ತಿನ ಗುರುತು ಕಂಡುಹಿಡೀಬೇಕು.

ರಾಯಚೂರು ಓದುಗಿತ್ತಿ:

ಎಲ್ಲರಿಗೂ ಕೈಮುಗಿದೆ. ಪೆನ್ನಿ ಹಾಸಲು 1635ರ ನಂತರದ ಒಂದೇ ಪತ್ರಕ್ಕೆ ಹಾಕ್ತೀವಿ, ಲೈಡನ್ ಪತ್ರಗಳಿಗೆ ಎರಡೂ ತಾರೀಖು. ಮಾಚಿಕಾಯಿ ನಾಳೆನೇ ನೆನೆಹಾಕ್ತೀವಿ.

ಕೊಪ್ಪಳದ ಕೈಕಾಗದ:

ಪೆನ್ನಿ ಮಾತು ಒಪ್ಪಿದೆ ನದಿದಂಡೆಯವ್ರೆ, ನಂದು ತಪ್ಪು. ಅಕ್ಕಾರ, ನೆನೆಹಾಕಿದ ಭರಣಿ ಬಾಯಿಗೆ ತೆಳು ಅರಿವಿ ಕಟ್ರಿ. ಬೂಸ್ಟು ಬಂದ್ರ ತಗದು ಸೋಸಿದ್ರ ಸಾಕು, ಚೆಲ್ಲಬ್ಯಾಡ್ರಿ.