ಮಳೆಗಾಲದ ಭಾನುವಾರಗಳಿಗೆ ಯಾವ ಸಾಕ್ಷ್ಯಚಿತ್ರ ಹಾಕಬಹುದು?

ಬಿದನೂರು_ಹುಡುಗ ಕೇಳಿದ್ದು:

ನಮ್ಮದು ಹೊಸನಗರ ತಾಲ್ಲೂಕಿನ ಒಂದು ಸಣ್ಣ ಊರು. ಯುವಕ ಸಂಘಕ್ಕೆ ಯಾರೋ ಪುಣ್ಯಾತ್ಮರು ಪ್ರೊಜೆಕ್ಟರ್ ಕೊಟ್ಟಿದ್ದಾರೆ. ಮಳೆ ಹಿಡಿದರೆ ಇಲ್ಲಿ ಸಂಜೆ ಮೇಲೆ ಮಾಡಲು ಏನೂ ಇರುವುದಿಲ್ಲ. ಹಾಗಾಗಿ ಭಾನುವಾರ ಸಂಜೆ ಸಂಘದ ಹಾಲ್‌ನಲ್ಲಿ ಒಂದೊಂದು ಸಾಕ್ಷ್ಯಚಿತ್ರ ಹಾಕೋಣ ಅಂತ ತೀರ್ಮಾನ ಆಗಿದೆ. ಸಿನಿಮಾ ಬೇಡ, ಅದು ಎಲ್ಲರ ಮೊಬೈಲಲ್ಲೂ ಇದೆ.

ಬರುವವರು ಎಲ್ಲ ಥರದವರು. ಹೈಸ್ಕೂಲ್ ಮಕ್ಕಳು, ತೋಟ ಗದ್ದೆ ಮಾಡಿಕೊಂಡಿರುವವರು, ಎಪ್ಪತ್ತು ದಾಟಿದ ಅಜ್ಜಂದಿರು, ಅಡುಗೆ ಮುಗಿಸಿ ಬರುವ ಹೆಂಗಸರು. ದೊಡ್ಡ ತಲೆನೋವು ಅಂದರೆ ಇಂಗ್ಲಿಷ್ ಸಬ್‌ಟೈಟಲ್. ಓದುವಷ್ಟರಲ್ಲಿ ಮಾಯ. ಸದ್ಯಕ್ಕೆ ನನ್ನ ಪಟ್ಟಿಯಲ್ಲಿರುವುದು ‘ಮೈ ಆಕ್ಟೋಪಸ್ ಟೀಚರ್’ ಮತ್ತು ‘ದಿ ಎಲಿಫೆಂಟ್ ವಿಸ್ಪರರ್ಸ್’. ಎರಡಕ್ಕೂ ಆಸ್ಕರ್ ಬಂದಿದೆ. ಇನ್ನೇನು ಹಾಕಬಹುದು? ಒಂದೂವರೆ ಗಂಟೆ ದಾಟದಿದ್ದರೆ ಒಳ್ಳೆಯದು. ಕರೆಂಟಿನ ಕತೆ ನಿಮಗೆ ಗೊತ್ತೇ ಇದೆ.

ತುಂಗೆಯ_ದಡ:

‘ವೈಲ್ಡ್ ಕರ್ನಾಟಕ’. ಬೇರೆ ಮಾತೇ ಇಲ್ಲ. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ಮಾಡಿದ್ದು. ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೋ ಧ್ವನಿ, ಕನ್ನಡದಲ್ಲಿ ರಿಷಬ್ ಶೆಟ್ಟಿ. ಕನ್ನಡದ್ದನ್ನೇ ಹುಡುಕಿ ಹಾಕಿ. ಸಬ್‌ಟೈಟಲ್ ತಲೆನೋವು ಅಲ್ಲಿಗೆ ಮುಗಿಯಿತು. ಒಂದು ಗಂಟೆಯೂ ಇಲ್ಲ.

ಸಾಗರದ_ಕೊನೆಗಾರ:

ಕಾಡಿನವರಿಗೆ ಕಾಡು ತೋರಿಸಿದರೆ ಏನಾಗುತ್ತದೆ ಅಂತ ನಾನು ನೋಡಿದ್ದೇನೆ. ನಮ್ಮೂರಲ್ಲಿ ಒಮ್ಮೆ ಇಂಥದ್ದೇ ಒಂದು ಹಾಕಿದ್ದರು. ತೆರೆ ಮೇಲೆ ಆನೆ ಬಂದ ಕೂಡಲೇ ಹಿಂದಿನ ಬೆಂಚಿನವರು ‘ಬಾಳೆ ತೋಟ ಪುಡಿ ಮಾಡಿದ್ದು ಇದೇ ನೋಡು’ ಅಂತ ಶುರು ಮಾಡಿದರು. ಮಂಗ ಬಂತು, ಮಂಗನ ಕಾಟದ ಮಾತು. ಕಾಡುಕೋಣ ಬಂತು, ಪರಿಹಾರದ ಅರ್ಜಿಯ ಮಾತು. ಚಿತ್ರ ಮುಗಿದದ್ದು ಯಾರಿಗೂ ಗೊತ್ತಾಗಲಿಲ್ಲ. ಜಗಳವೇನೋ ಚೆನ್ನಾಗಿತ್ತು. ಆದರೆ ನಿಮಗೆ ಬೇಕಾದ್ದು ಅದಲ್ಲ, ಅಲ್ವಾ?

ನನ್ನ ಲೆಕ್ಕ ಬೇರೆ. ದುಡಿಯುವ ಜನಕ್ಕೆ ಇನ್ನೊಬ್ಬರು ದುಡಿಯುವುದನ್ನು ತೋರಿಸಿ. ಕಣ್ಣು ಕೀಳುವುದಿಲ್ಲ. ಕತ್ತಿ ಹೇಗೆ ಹಿಡಿಯುತ್ತಾರೆ, ಹೊಗೆ ಎಲ್ಲಿಂದ ಹಾಕುತ್ತಾರೆ, ಎಲ್ಲ ಗಮನಿಸುತ್ತಾರೆ.

ಅದಕ್ಕೇ ಮೊದಲು ‘ಹನಿಲ್ಯಾಂಡ್’ ಹಾಕಿ. 2019ರದ್ದು. ಉತ್ತರ ಮೆಸಿಡೋನಿಯಾದ ಒಂದು ಪಾಳುಬಿದ್ದ ಊರು, ಕರೆಂಟಿಲ್ಲ. ಹತಿಜೆ ಎಂಬ ಹೆಂಗಸು ಹಾಸಿಗೆ ಹಿಡಿದ ತಾಯಿಯ ಜೊತೆ ಅಲ್ಲಿದ್ದಾಳೆ. ಕಲ್ಲುಗೋಡೆಯ ಸಂದಿಯಲ್ಲಿ, ಬಂಡೆಯ ಪೊಟರೆಯಲ್ಲಿ ಜೇನು. ಚಪ್ಪಡಿ ಸರಿಸಿ, ಎರಿ ತೆಗೆದು, ‘ಅರ್ಧ ನನಗೆ, ಅರ್ಧ ನಿಮಗೆ’ ಅಂತ ಹುಳಗಳಿಗೇ ಹೇಳಿ ಅರ್ಧ ಬಿಟ್ಟು ಬರುತ್ತಾಳೆ. ಅಷ್ಟರಲ್ಲಿ ದನಕರು, ಗಾಡಿ, ಒಂದು ಹಿಂಡು ಮಕ್ಕಳ ಸಮೇತ ಒಂದು ಸಂಸಾರ ಪಕ್ಕದಲ್ಲೇ ಬಂದು ಬೀಡು ಬಿಡುತ್ತದೆ. ಆ ಮನೆಯ ಯಜಮಾನನೂ ಜೇನು ಶುರು ಮಾಡುತ್ತಾನೆ. ವ್ಯಾಪಾರಿಯೊಬ್ಬ ಇಷ್ಟು ಬೇಕು, ಈಗಲೇ ಬೇಕು ಅಂತ ಬೆನ್ನು ಬೀಳುತ್ತಾನೆ. ಇವನು ಬಲಿಯುವ ಮೊದಲೇ ಎಲ್ಲ ಹಿಂಡಿಬಿಡುತ್ತಾನೆ. ಹೊಟ್ಟೆಗಿಲ್ಲದ ಆ ಹುಳಗಳು ಹತಿಜೆಯ ಗೂಡಿಗೆ ನುಗ್ಗುತ್ತವೆ. ಮುಂದಿನದು ನೀವೇ ನೋಡಿ.

ತುಡುವೆ ಜೇನಿನ ಪೆಟ್ಟಿಗೆ ಇಟ್ಟವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1990ರ ದಶಕದ ಶುರುವಿನಲ್ಲಿ ಜೇನುಹುಳಗಳಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ಬಂದು ನಮ್ಮ ಕಡೆ ತೋಟದ ಪೆಟ್ಟಿಗೆಗಳು ಖಾಲಿಯಾದದ್ದನ್ನು ಕಂಡವರು ನಿಮ್ಮೂರಲ್ಲೂ ಇರುತ್ತಾರೆ. ಅವರನ್ನು ಮುಂದೆ ಕೂರಿಸಿ.

ಇನ್ನೊಂದು ವಿಷಯ. ಹತಿಜೆ ಆಡುವುದು ಟರ್ಕಿ ಭಾಷೆ. ನಿರ್ದೇಶಕರಾದ ತಮಾರಾ ಕೋಟೆವ್ಸ್ಕಾ, ಲ್ಯುಬೊಮಿರ್ ಸ್ಟೆಫನೋವ್ ಇಬ್ಬರಿಗೂ ಅದು ಬರುತ್ತಿರಲಿಲ್ಲ. 400 ಗಂಟೆಯಷ್ಟು ಚಿತ್ರ ತೆಗೆದು, ಮಾತನ್ನು ಪಕ್ಕಕ್ಕಿಟ್ಟು, ಬರೀ ಕಣ್ಣಿಗೆ ಕಂಡದ್ದನ್ನು ನಂಬಿ ಮೊದಲ ಎಡಿಟಿಂಗ್ ಮಾಡಿದರು. ಹಾಗಾಗಿ ಸಬ್‌ಟೈಟಲ್ ಓದದಿದ್ದರೂ ಮುಕ್ಕಾಲು ಪಾಲು ತಲೆಗೆ ಹೋಗುತ್ತದೆ. ನಿಮ್ಮ ಹಾಲ್‌ಗೆ ಇದಕ್ಕಿಂತ ಬೇಕಾ? ಆಸ್ಕರ್‌ಗೆ ಎರಡು ವಿಭಾಗದಲ್ಲಿ ನಾಮಿನೇಟ್ ಆಗಿ ಎರಡೂ ಕೈತಪ್ಪಿತು. ಬಹುಮಾನ ನೋಡಿ ಚಿತ್ರ ಆರಿಸುವುದನ್ನು ಬಿಡಿ ಮಾರಾಯ್ರೆ.

ಆಕ್ಟೋಪಸ್ ಬೇಡ. ಚಿತ್ರ ಚೆನ್ನಾಗಿದೆ, ಆದರೆ ಆ ಮನುಷ್ಯ ಕೂತು ತುಂಬಾ ಮಾತಾಡುತ್ತಾನೆ, ಅದೂ ಇಂಗ್ಲಿಷಿನಲ್ಲಿ. ಆನೆಯದು ಹಾಕಿ. ಮುದುಮಲೆಯ ತೆಪ್ಪಕಾಡು ಶಿಬಿರದ ಬೊಮ್ಮನ್, ಬೆಳ್ಳಿ ಸೇರಿ ರಘು ಎಂಬ ತಬ್ಬಲಿ ಮರಿಯನ್ನು ಸಾಕುವ ಕತೆ. ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಸಕ್ರೆಬೈಲಿನ ಆನೆ ಬಿಡಾರ ನೋಡಿದವರಿಗೆ ಇದರಲ್ಲಿ ಹೊಸದೇನು ಅನ್ನಿಸಬಹುದು. ಆದರೆ ಇದು ಕಾಡಿನ ಚಿತ್ರ ಅಲ್ಲ, ಮನೆಯ ಚಿತ್ರ. ಹಾಗಾಗಿ ನನ್ನ ಲೆಕ್ಕ ತಪ್ಪುವುದಿಲ್ಲ.

ಕೊನೆಯದು ನನ್ನ ಸ್ವಾರ್ಥಕ್ಕೆ: ‘ಸೆಲ್ಯುಲಾಯ್ಡ್ ಮ್ಯಾನ್’. 2012ರದ್ದು, ಶಿವೇಂದ್ರ ಸಿಂಗ್ ಡುಂಗರ್‌ಪುರ್ ಮಾಡಿದ್ದು. ಪುಣೆಯ ರಾಷ್ಟ್ರೀಯ ಫಿಲ್ಮ್ ಆರ್ಕೈವ್ ಕಟ್ಟಿದ ಪಿ.ಕೆ. ನಾಯರ್ ಬಗ್ಗೆ. ಮೂಕಿ ಕಾಲದಲ್ಲಿ ನಮ್ಮ ದೇಶದಲ್ಲಿ ಸುಮಾರು 1,700 ಚಿತ್ರ ಆಗಿದ್ದವು, ಆರ್ಕೈವಿಗೆ ದಕ್ಕಿದ್ದು ಬೆರಳೆಣಿಕೆಯಷ್ಟು. ರೀಲಿನಲ್ಲಿರುವ ಬೆಳ್ಳಿಯ ಆಸೆಗೆ ಚಿತ್ರಗಳನ್ನೇ ಹಾಳು ಮಾಡಿದರಂತೆ. 1934ರ ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’ದ ಒಂದು ಪ್ರತಿಯೂ ಉಳಿದಿಲ್ಲ, ನೆನಪಿರಲಿ. ಇದೆಲ್ಲದರ ನಡುವೆ ತೆರೆ ಮೇಲೆ ನಮ್ಮ ಸಾಗರದ ಹೆಗ್ಗೋಡು ಬರುತ್ತದೆ! ಅಲ್ಲಿನ ಕೆ.ವಿ. ಸುಬ್ಬಣ್ಣನವರ ನಾಟಕ ಸಂಸ್ಥೆ ನೀನಾಸಮ್ 1973ರಲ್ಲಿ ಚಿತ್ರಸಮಾಜ ಶುರು ಮಾಡಿದ ಮೇಲೆ ಪುಣೆಯಿಂದ ರೀಲು ಬರುತ್ತಿದ್ದವು. ಅಡಿಕೆ ಬೆಳೆಗಾರರು ಹೊರದೇಶದ ಸಿನಿಮಾ ಬಗ್ಗೆ ಮನೆ ಮಾತಾಡಿದ ಹಾಗೆ ಮಾತಾಡುತ್ತಾರೆ. ನಾನೂ ಆ ಹಾಲ್‌ನಲ್ಲಿ ಹಿಂದೆ ಕೂತವನೇ. ಆಗಲೂ ಸಬ್‌ಟೈಟಲ್ ಇಂಗ್ಲಿಷಿನದೇ ಇತ್ತು. ಪಕ್ಕದವರು ಪಿಸುಗುಟ್ಟುತ್ತಿದ್ದರು, ಅರ್ಧಂಬರ್ಧ ಕೇಳಿಸುತ್ತಿತ್ತು, ಉಳಿದದ್ದನ್ನು ಮನೆಗೆ ಹೋಗುವ ದಾರಿಯಲ್ಲಿ ನಾವೇ ತುಂಬಿಕೊಳ್ಳುತ್ತಿದ್ದೆವು.

ತುಂಗೆಯ_ದಡ:

ಕೊನೆಗಾರರೇ, ಒಪ್ಪುವುದಿಲ್ಲ. ಕಾಡಿನಲ್ಲಿ ಇದ್ದ ಮಾತ್ರಕ್ಕೆ ಕಾಡು ಗೊತ್ತು ಅಂತೇನಿಲ್ಲ. ಕಾಳಿಂಗದ ಹೆಣ್ಣು ಒಣಗಿದ ಎಲೆ ಗುಡ್ಡೆ ಹಾಕಿ ಗೂಡು ಕಟ್ಟಿ ಮೊಟ್ಟೆ ಕಾಯುತ್ತದೆ. ಬೇರೆ ಯಾವ ಹಾವೂ ಹಾಗೆ ಗೂಡು ಕಟ್ಟುವುದಿಲ್ಲ. ನಿಮ್ಮೂರಲ್ಲಿ ಎಷ್ಟು ಜನ ಕಂಡಿದ್ದಾರೆ ಕೇಳಿ. ಹಾವುತಜ್ಞ ರೋಮ್ಯುಲಸ್ ವಿಟೇಕರ್ 2005ರಲ್ಲಿ ಆಗುಂಬೆಯಲ್ಲಿ ಸಂಶೋಧನಾ ಕೇಂದ್ರ ಮಾಡಿದ್ದು ಸುಮ್ನೆ ಅಲ್ಲ. ಹಾವು ಅಂದ ಕೂಡಲೇ ದೊಣ್ಣೆ ಹುಡುಕುವ ಹುಡುಗರು ಇಂಥದ್ದು ನೋಡಬೇಕು.

ಹಿನ್ನೀರಿನವಳು:

ನಾವು ಶರಾವತಿ ಮುಳುಗಡೆಯವರು. ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಅಜ್ಜನ ಮನೆ, ತೋಟ ಎಲ್ಲ ಹೋಯಿತು. ಬೇಸಿಗೆಯಲ್ಲಿ ನೀರು ಪೂರಾ ಇಳಿದರೆ ಮಡೆನೂರಿನ ಹಳೇ ಅಣೆಕಟ್ಟು ಮೇಲೆ ಕಾಣುತ್ತದಲ್ಲ, ಈಗ ಅದನ್ನು ನೋಡಲು ಜನ ಪಿಕ್ನಿಕ್ ಬರುತ್ತಾರೆ. ಇರಲಿ.

ನನ್ನ ಸಲಹೆ ‘ಡ್ಯಾಮ್‌ನೇಷನ್’, 2014. ಅಮೆರಿಕದಲ್ಲಿ ಹಳೇ ಅಣೆಕಟ್ಟುಗಳನ್ನು ಒಡೆದು ನದಿಯನ್ನು ಬಿಟ್ಟುಕೊಟ್ಟ ಕತೆ. ಎಲ್ವಾ ನದಿಯ ಎರಡು ಅಣೆಕಟ್ಟುಗಳನ್ನು 2011ರಿಂದ ಕೆಡವಲು ಶುರು ಮಾಡಿದರು. ಅದಕ್ಕೂ ಎಷ್ಟೋ ಮುಂಚೆ, 1987ರಲ್ಲಿ, ಒಬ್ಬ ಆಸಾಮಿ ಅದರಲ್ಲೊಂದರ ಮೇಲೆ ದೊಡ್ಡ ಬಿರುಕಿನ ಚಿತ್ರ ಬರೆದು ಓಡಿಹೋಗಿದ್ದ! ನಮ್ಮಪ್ಪನಿಗೆ ಮೊಬೈಲಲ್ಲಿ ತೋರಿಸಿದೆ. ಕಾಂಕ್ರೀಟ್ ಸಿಡಿದು ನೀರು ನುಗ್ಗುವ ಜಾಗವನ್ನು ಹಿಂದೆ ಹಾಕು, ಹಿಂದೆ ಹಾಕು ಅಂತ ಹಾಕಿಸಿಕೊಂಡು ನೋಡಿದರು. ಏನೂ ಹೇಳಲಿಲ್ಲ, ‘ಅವರ ಹತ್ರ ಬೇರೆ ಕರೆಂಟ್ ಇರಬೇಕು’ ಅಂದರು ಅಷ್ಟೆ.

ಇದು ಇಂಗ್ಲಿಷಿನದು, ಒಬ್ಬರು ಕನ್ನಡದಲ್ಲಿ ಹೇಳುತ್ತಾ ಹೋಗಬೇಕು. ನಿಮ್ಮ ತಾಲ್ಲೂಕಿಗೆ ಚಕ್ರಾ, ಸಾವೇಹಕ್ಲು, ಮಾಣಿ ಅಣೆಕಟ್ಟುಗಳೆಲ್ಲ ಗೊತ್ತು. ಆವತ್ತು ಚಹಾ ಜಾಸ್ತಿ ಮಾಡಿಸಿ, ಜನ ಬೇಗ ಏಳುವುದಿಲ್ಲ.

ಬಿದನೂರು_ಹುಡುಗ:

ಎಲ್ಲರಿಗೂ ಧನ್ಯವಾದ. ಮೊದಲ ವಾರ ‘ಹನಿಲ್ಯಾಂಡ್’ ಖಾಯಂ. ಆದರೆ ‘ಸೆಲ್ಯುಲಾಯ್ಡ್ ಮ್ಯಾನ್’ ಎರಡೂಮುಕ್ಕಾಲು ಗಂಟೆ ಇದೆಯಲ್ಲ? ಆನೆಯದು ನೆಟ್‌ಫ್ಲಿಕ್ಸ್‌ನಲ್ಲಿದೆ, ಅದನ್ನು ಹಾಲ್‌ನಲ್ಲಿ ಹಾಕಬಹುದಾ? ಮತ್ತೆ, ಪ್ರೊಜೆಕ್ಟರ್ ಲೆನ್ಸಿಗೆ ಈಗಲೇ ಬೂಷ್ಟು ಹಿಡಿಯುವ ಲಕ್ಷಣ ಕಾಣುತ್ತಿದೆ.

ಸಾಗರದ_ಕೊನೆಗಾರ:

ಎರಡು ಭಾನುವಾರ ಮಾಡಿ. ಯಕ್ಷಗಾನಕ್ಕೆ ರಾತ್ರಿಯಿಡೀ ಕೂರುವ ಊರು, ಇದಕ್ಕೆ ಕೂರುವುದಿಲ್ಲವಾ?

ನೆಟ್‌ಫ್ಲಿಕ್ಸ್‌ನವರು ತಮ್ಮ ಕೆಲವು ಸಾಕ್ಷ್ಯಚಿತ್ರಗಳನ್ನು ಶೈಕ್ಷಣಿಕ ಉದ್ದೇಶಕ್ಕೆ ಒಮ್ಮೆ ತೋರಿಸಲು ಬಿಡುತ್ತಾರೆ. ಆ ಚಿತ್ರದ ಪುಟದಲ್ಲೇ ಹಾಗೆ ಬರೆದಿರುತ್ತದೆ. ನೋಡಿಕೊಳ್ಳಿ. ಟಿಕೆಟ್ ಮಾತ್ರ ಇಡಬೇಡಿ.

ಕನ್ನಡದಲ್ಲಿ ಹೇಳುವವರು ಮೊದಲೇ ಒಮ್ಮೆ ಪೂರ್ತಿ ನೋಡಿರಲಿ. ಪ್ರತಿ ಸಾಲನ್ನೂ ಹೇಳುವುದು ಬೇಡ, ಕಿವಿ ಕೊರೆದಂತೆ ಆಗುತ್ತದೆ. ಯಾರು ಯಾರಿಗೆ ಏನಾಗಬೇಕು, ಊರು ಯಾವುದು, ಈಗ ಯಾಕೆ ಸಿಟ್ಟು ಬಂತು, ಅಷ್ಟು ಸಾಕು. ಮೇಷ್ಟ್ರಿಗೆ ಮೈಕ್ ಕೊಡಬೇಡಿ, ಬಿಡುವುದಿಲ್ಲ ಅವರು.

ಬೂಷ್ಟಿಗೆ: ಪ್ಲಾಸ್ಟಿಕ್ ಕವರ್ ಸುತ್ತಿ ಇಡಬೇಡಿ, ಒಳಗೇ ಬೆವರುತ್ತದೆ. ಒಂದು ಮರದ ಪೆಟ್ಟಿಗೆಯ ಮೂಲೆಯಲ್ಲಿ ಹಳೇ ಕಾಲದ ಸಣ್ಣ ಬಲ್ಬ್ ಹಾಕಿ, ಎಲ್‌ಇಡಿ ಅಲ್ಲ, ಬಿಸಿಯಾಗುವಂಥದ್ದು. ಪ್ರೊಜೆಕ್ಟರ್‌ಗೆ ತಾಗದ ಹಾಗೆ ಇರಲಿ. ಮಳೆಗಾಲ ಮುಗಿಯುವವರೆಗೆ ದಿನಾ ಸ್ವಲ್ಪ ಹೊತ್ತು ಉರಿಸಿ. ನನ್ನ ಕ್ಯಾಮೆರಾ ಉಳಿದಿರುವುದು ಹಾಗೇ.