ಕೆಂಪಿಯ ಸೂಜಿಗೆ ಎಂಬತ್ತು ರೂಪಾಯಿ

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಶುರು ಮಾಡಿದ್ದು ರಾಜಿ ಅತ್ತೆ. ಬೆಳಿಗ್ಗೆ ಆರೂಕಾಲಿಗೆ, ಶುಭೋದಯದ ಗುಲಾಬಿ ಹೂವಿನ ಬೆನ್ನಿಗೇ.

"ಎಚ್ಚರ! ಮೊಬೈಲ್ ಟವರ್‌ನಿಂದ ದೇಶದ ರಣಹದ್ದುಗಳೆಲ್ಲ ನಾಶ. ಮುಂದಿನ ಸರದಿ ನಮ್ಮ ಮಕ್ಕಳದು. ಹತ್ತು ಜನರಿಗೆ ಕಳಿಸಿ."

ಅತ್ತೆ ಪೂರ್ತಿ ಓದಿರುವುದು ಅನುಮಾನ. ಅವರ ಮೊಮ್ಮಗ ಊಟದ ತಟ್ಟೆ ಮುಂದೆಯೂ ಫೋನು ಬಿಡುವುದಿಲ್ಲ. ಅಷ್ಟು ಸಾಕಿತ್ತು.

ದೊಡ್ಡಪ್ಪ ಐದು ನಿಮಿಷದಲ್ಲಿ ಹಾಜರು. "ಸೀತಮ್ಮನಿಗಾಗಿ ರೆಕ್ಕೆ ಕತ್ತರಿಸಿಕೊಂಡ ಜಟಾಯುವಿನ ವಂಶ ಅದು. ಈಗಿನವರಿಗೆ ರೀಲ್ಸ್ ಇದ್ದರೆ ಆಯಿತು. ಅನುಭವಿಸಿ."

"ಇದರ ಮೂಲ ಎಲ್ಲಿದೆ ಅತ್ತೆ?" ಇದು ನನ್ನ ತಂಗಿ ಚಿತ್ರಾ. ಪ್ರತಿ ಫಾರ್ವರ್ಡ್‌ಗೂ ಮೂಲ ಕೇಳಿ ಕೇಳಿ ಗುಂಪಿನಲ್ಲಿ ಅವಳಿಗೆ 'ಮೂಲವ್ಯಾಧಿ' ಎಂದೇ ಹೆಸರು. ಉತ್ತರಕ್ಕೆ ಕಾಯದೆ ಅವಳೇ ಉದ್ದಕ್ಕೆ ಬರೆದಳು:

"ಭರತ್‌ಪುರದಲ್ಲಿ ಹದ್ದು ಕಮ್ಮಿಯಾಗುತ್ತಿರುವುದನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ ತೊಂಬತ್ತರ ದಶಕದಲ್ಲೇ ಗಮನಿಸಿದ್ದರು. ಆಗ ನಮ್ಮೂರಲ್ಲಿ ಲ್ಯಾಂಡ್‌ಲೈನೂ ಇರಲಿಲ್ಲ. ಸೊಸೈಟಿಯವರು ರಸ್ತೆ ಹಿಡಿದು ಹೋಗಿ ಎಣಿಸಿದರು, ವರ್ಷಗಳ ನಂತರ ಮತ್ತೆ ಎಣಿಸಿದರು. 1992ರಲ್ಲಿ ಬಿಳಿ ಬೆನ್ನಿನ ರಣಹದ್ದು ಸಾವಿರ ಇದ್ದ ಕಡೆ 2007ಕ್ಕೆ ಒಂದು. ಕಾರಣ ಟವರ್ ಅಲ್ಲ, ದನಕ್ಕೆ ಕೊಡುತ್ತಿದ್ದ ನೋವಿನ ಔಷಧಿ ಡೈಕ್ಲೋಫೆನಾಕ್. ಆ ದನ ಸತ್ತು, ಅದನ್ನು ತಿಂದರೆ ಹದ್ದಿನ ಕಿಡ್ನಿ ಹೋಗುತ್ತದೆ. ಕೊಯ್ದು ನೋಡಿದರೆ ಒಳಗೆಲ್ಲ ಸೀಮೆಸುಣ್ಣ ಮೆತ್ತಿದ ಹಾಗೆ ಬಿಳಿ. ಪಾಕಿಸ್ತಾನದಲ್ಲಿ ಸತ್ತ ಹದ್ದುಗಳನ್ನು ಪರೀಕ್ಷಿಸಿ 2004ರಲ್ಲಿ ಇದು ಗೊತ್ತಾಯಿತು. 2006ರಲ್ಲಿ ಭಾರತದಲ್ಲಿ ದನಕ್ಕೆ ಅದು ನಿಷೇಧ."

ರವಿ ಮಾವ: "ಇದರಲ್ಲಿ ಪಾಕಿಸ್ತಾನ ಯಾಕೆ ಬಂತು?"

ಅಷ್ಟೂ ಬರಹದಲ್ಲಿ ಮಾವನ ಕಣ್ಣಿಗೆ ಬಿದ್ದಿದ್ದು ಅದೊಂದೇ. ಹಿಂದೆಯೇ ಇನ್ನೊಂದು: "ಈ ಸಂಸ್ಥೆಗಳೆಲ್ಲ ದುಡ್ಡು ಹೊಡೆಯೋಕೆ ಇರೋದು."

"1883ರಿಂದಲೂ ಹೊಡೆಯುತ್ತಿದ್ದಾರಾ ಮಾವ? ಹರಿಯಾಣದ ಪಿಂಜೋರ್‌ನಲ್ಲಿ ಅರಣ್ಯ ಇಲಾಖೆ ಜೊತೆ ಸೇರಿ ಹದ್ದು ಸಾಕಿ ಮರಿ ಮಾಡಿಸುತ್ತಿದ್ದಾರೆ. ಒಂದು ಜೋಡಿ ವರ್ಷಕ್ಕೆ ಇಡುವುದು ಒಂದು ಮೊಟ್ಟೆ. ದುಡ್ಡೇ ಬೇಕಿದ್ದರೆ ಚೀಟಿ ನಡೆಸುತ್ತಿದ್ದರು."

ಚೀಟಿ ಎಂದಿದ್ದೇ ತಡ, ಶಾಂತಾ ಚಿಕ್ಕಮ್ಮ ಗುಂಪು ಬಿಟ್ಟರು. ಅವರ ಚೀಟಿ ಮುಳುಗಿ ಹದಿನಾಲ್ಕು ವರ್ಷವಾಯಿತು. ಚಿತ್ರಾಳ ಮನಸ್ಸಿನಲ್ಲಿ ಅದು ಇರಲಿಲ್ಲ ಎಂದು ನಾನು ಆಣೆ ಮಾಡಲಾರೆ.

ಅವರನ್ನು ಮತ್ತೆ ಸೇರಿಸುವ ಗಲಾಟೆಯ ನಡುವೆ ನಾಗು ಬಂದ. ಅವನಿಗೆ ಯಾವ ವಿಷಯ ಕೊಟ್ಟರೂ ಊರಿಗೇ ಹೋಗುತ್ತಾನೆ. "ರಾಮದೇವರ ಬೆಟ್ಟ ನೆನಪಿದೆಯಾ? ಹದ್ದಿನ ಹಿಕ್ಕೆ ಬಿದ್ದು ಬಿದ್ದು ಬಂಡೆಗೆ ಸುಣ್ಣ ಬಳಿದ ಹಾಗೆ ಇರುತ್ತಿತ್ತು." 2012ರಲ್ಲಿ ಅದೇ ಬೆಟ್ಟ ರಣಹದ್ದುಗಳ ಅಭಯಧಾಮ ಆಗಿದೆ ಎಂದು ನಾನು ಹಾಕಿದೆ. ಒಬ್ಬರೂ ನೋಡಲಿಲ್ಲ. ನಾಗು ಆಗಲೇ 1998ಕ್ಕೆ ಹೋಗಿದ್ದ.

"ನಮ್ಮ ಕೆಂಪಿ ಸತ್ತಾಗ ಹಳ್ಳದ ಹತ್ತಿರ ಎಳೆದು ಹಾಕಿದ್ದೆವಲ್ಲ, ಮೂವತ್ತು ಹದ್ದು ಇಳಿದಿದ್ದವು. ಮಧ್ಯಾಹ್ನದೊಳಗೆ ಮೂಳೆ ಮಾತ್ರ. ಮಾರನೇ ದಿನ ಹುಣಸೆಮರದಲ್ಲಿ ಕತ್ತು ಜೋತು ಹಾಕಿಕೊಂಡು ಕೂತಿದ್ದವು. ತಿಂದಿದ್ದು ಜಾಸ್ತಿಯಾಗಿ ತೂಕಡಿಸುತ್ತಿವೆ ಅಂತ ಎಷ್ಟು ನಕ್ಕಿದ್ದೆವು! ದೊಡ್ಡಪ್ಪ ಕೆಂಪಿಗೆ ಸೂಜಿ ಹಾಕಲು ಬಂದಾಗ ಒದೆ ತಿಂದಿದ್ದೂ ಆಗಲೇ."

ಗುಂಪು ಎರಡು ನಿಮಿಷ ಸುಮ್ಮನಿತ್ತು. ದೊಡ್ಡಪ್ಪ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ ರಿಟೈರ್ ಆದವರು.

ಚಿತ್ರಾ ಕೇಳಿದಳು: "ಸೂಜಿ ಹಾಕಿ ಎಷ್ಟು ದಿನಕ್ಕೆ ಕೆಂಪಿ ಸತ್ತಿತು?"

ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ ಎಂದು ಬಹಳ ಹೊತ್ತು ಕಾಣಿಸಿತು. ಕೊನೆಗೆ ಬಂದಿದ್ದು ಇದು: "ಮೂವತ್ತೈದು ವರ್ಷ ಮೂಕಪ್ರಾಣಿಗಳ ಸೇವೆ ಮಾಡಿದವನು ನಾನು. ಸ್ವಂತ ದುಡ್ಡಿನಲ್ಲಿ ಔಷಧಿ ತಂದು ಹಾಕಿದ್ದೆ. ಆ ಎಂಬತ್ತು ರೂಪಾಯಿ ನಿಮ್ಮಪ್ಪ ಇವತ್ತಿಗೂ ಕೊಟ್ಟಿಲ್ಲ."

ಮೂರು ವರ್ಷದಿಂದ ಗುಂಪಿನಲ್ಲಿ ಬಾಯಿ ಬಿಡದ ಅಪ್ಪ ಪ್ರತ್ಯಕ್ಷ. "ಎಂಬತ್ತಲ್ಲ, ಅರವತ್ತು. ಅದಕ್ಕೆ ಒಂದು ಗಾಡಿ ರಾಗಿಹುಲ್ಲು ಕಳಿಸಿದ್ದೆ."

"ಅರ್ಧ ಗಾಡಿ. ಅದೂ ನೆನೆದಿತ್ತು."

ಆಮೇಲೆ ಸಂಜೆಯವರೆಗೂ ಹುಲ್ಲಿನದೇ ಮಾತು. ಗಾಡಿ ಹೊಡೆದುಕೊಂಡು ಹೋಗಿದ್ದು ಯಾರು, ಮಳೆ ಬಂದಿದ್ದು ಯಾವಾಗ, ಅಜ್ಜಿ ಆಗ ಏನೆಂದಳು. ಚಿತ್ರಾ ಫೋನ್‌ಪೇಯಲ್ಲಿ ದೊಡ್ಡಪ್ಪನಿಗೆ ಎಂಬತ್ತು ರೂಪಾಯಿ ಕಳಿಸಿ ಸ್ಕ್ರೀನ್‌ಶಾಟ್ ಹಾಕಿದಳು. "ಬಡ್ಡಿ?" ಎಂದ ನಾಗು. ರಾಜಿ ಅತ್ತೆ ಹಲಸಿನ ಹಪ್ಪಳದ ಫೋಟೊ ಹಾಕಿದರು.

ರಾತ್ರಿ ಹತ್ತರ ಮೇಲೆ ದೊಡ್ಡಪ್ಪ ನನಗೊಬ್ಬನಿಗೇ ಬರೆದರು.

"ಸೂಜಿ ಹಾಕಿದ ಮಾರನೇ ದಿನ ಬೆಳಿಗ್ಗೆ ಸತ್ತಿತು. ಮೂವತ್ತು ಎಂ.ಎಲ್. ಬಾಟಲಿ. ಹೆಸರು ಅದೇ. ನಿನ್ನ ತಂಗಿಗೆ ಹೇಳು. ಗುಂಪಿಗೆ ಹಾಕಬೇಡ."

ಗುಂಪಿಗೆ ಹಾಕಲಿಲ್ಲ.