ಸೆಲ್ಫ್ ಜೋರಾಗಿ ತಿರುಗುತ್ತದೆ, ಗಾಡಿ ಮಾತ್ರ ಸ್ಟಾರ್ಟ್ ಆಗ್ತಿಲ್ಲ: ಅನುಭವ ಇದ್ದವರು ಹೇಳಿ

ಕೇಳಿದವರು: ಮಲ್ಪೆ ಮೀನಿನ ಗಾಡಿ
ಆರು ಚಕ್ರದ ಗಾಡಿ, 2018ರದ್ದು, ಬಿಎಸ್4, ಕಾಮನ್ ರೈಲ್, ಅಂದರೆ ಡೀಸೆಲ್ ಸಿಂಪಡಿಸುವ ಎಲ್ಲ ಇಂಜೆಕ್ಟರಿಗೂ ಒಂದೇ ಒತ್ತಡದ ಪೈಪಿನಿಂದ (ರೈಲ್) ಡೀಸೆಲ್ ಹೋಗುವ ಇಂಜಿನ್. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ರಜೆ ಅಲ್ವಾ, ಎರಡು ತಿಂಗಳು ಮನೆ ಹತ್ತಿರ ಮಳೆಯಲ್ಲೇ ನಿಂತಿತ್ತು. ಟ್ಯಾಂಕಿನಲ್ಲಿ ಕಾಲು ಭಾಗ ಡೀಸೆಲ್. ನಿನ್ನೆ ಹೊಸ ಬ್ಯಾಟರಿ ಹಾಕಿದೆ. ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಇಂಜಿನ್ ಹಿಡಿಯುವುದೇ ಇಲ್ಲ. ಸೈಲೆನ್ಸರಿನಲ್ಲಿ ಒಂದು ಎಳೆ ಹೊಗೆ ಇಲ್ಲ. ನೋಡಲು ಬಂದವರು ನಾಲ್ಕೂ ಇಂಜೆಕ್ಟರ್ ಬದಲಾಯಿಸಬೇಕು ಅಂದರು. ಒಂದಕ್ಕೆ 19 ಸಾವಿರ. ಬೋಟುಗಳು ಇಳಿಯುತ್ತಿವೆ, ನನ್ನ ಗಾಡಿ ಅಂಗಳದಲ್ಲಿದೆ. ಏನು ಮಾಡಲಿ?

ಬೈಕಂಪಾಡಿ ಟಿಪ್ಪರ್
ಇಂಜೆಕ್ಟರ್ ಅಂದ ಕೂಡಲೇ ನನ್ನ ಹೊಟ್ಟೆ ಉರಿಯುತ್ತದೆ. 2022ರ ಜುಲೈ. ಗುಂಡ್ಯದಲ್ಲಿ ಚಹಾ ಕುಡಿಯಲು ನಿಲ್ಲಿಸಿದ್ದೆ. ಹತ್ತು ನಿಮಿಷ ಬಿಟ್ಟು ಬಂದರೆ ಇದೇ ಕತೆ, ಸೆಲ್ಫ್ ಉಂಟು, ಸ್ಟಾರ್ಟ್ ಇಲ್ಲ. ಶಿರಾಡಿಯ ಮಳೆ ಗೊತ್ತಲ್ಲ, ಲೋಡ್ ಬೇರೆ ಇತ್ತು. ಎಳೆದುಕೊಂಡು ಬೈಕಂಪಾಡಿಗೆ ತರಲು 14,000. ಆರು ಇಂಜೆಕ್ಟರ್ ರಿಪೇರಿಗೆ ಒಂದಕ್ಕೆ 7,500, ಒಟ್ಟು 45,000. ಆಮೇಲೂ ಸ್ಟಾರ್ಟ್ ಆಗಲಿಲ್ಲ. ಪಂಪ್ ಬಿಚ್ಚಿದರು, 22,000. ಆಗಲೂ ಇಲ್ಲ. ಹನ್ನೊಂದು ದಿನ ಗಾಡಿ ನಿಂತಿತು, ನಡುವೆ ಇಎಂಐ ದಿನ ಬಂತು.

ಕೊನೆಗೆ ಇನ್ನೊಂದು ಗ್ಯಾರೇಜಿನ ಹುಡುಗ ಬಂದ. ಏನೂ ಬಿಚ್ಚಲಿಲ್ಲ. ಸೆಲ್ಫ್ ಹೊಡೆಯಿರಿ ಅಂದ, ಡ್ಯಾಶ್‌ಬೋರ್ಡಿನ ಆರ್‌ಪಿಎಂ ಮುಳ್ಳು ನೋಡಿದ. ಇಂಜಿನ್ ತಿರುಗುವಾಗ ಅದು ಸ್ವಲ್ಪವಾದರೂ ಏಳಬೇಕು. ಸೊನ್ನೆಯಲ್ಲೇ ಸತ್ತ ಹಾಗೆ ಕೂತಿತ್ತು. ಕ್ರ್ಯಾಂಕ್ ಸೆನ್ಸರ್ ಹೋಗಿತ್ತು. ಇಂಜಿನ್ ತಿರುಗುತ್ತಿದೆ ಅಂತ ಇಸಿಎಂಗೆ, ಅಂದರೆ ಇಂಜಿನ್ನಿನ ಕಂಪ್ಯೂಟರಿಗೆ, ಗೊತ್ತಾಗದಿದ್ದರೆ ಅದು ಡೀಸೆಲ್ ಬಿಡುವುದೇ ಇಲ್ಲ. ಸೆನ್ಸರ್‌ಗೆ 2,350. ಒಟ್ಟು 83,350 ಕೊಟ್ಟೆ, ಬೇಕಾಗಿದ್ದದ್ದು 2,350. ಆ ಬಿಲ್ ಇವತ್ತಿಗೂ ಕ್ಯಾಬಿನ್ನಿನಲ್ಲಿ ಉಂಟು.

ಕಾಪು, ಹಳೇ ಮೆಕ್ಯಾನಿಕ್
ನಾನು 31 ವರ್ಷ ಡೀಸೆಲ್ ಕೆಲಸ ಮಾಡಿದವನು. ಹೊಗೆ ಇಲ್ಲ ಅಂದರೆ ಡೀಸೆಲ್ ಒಳಗೆ ಹೋಗುತ್ತಿಲ್ಲ. ಬಿಳಿ ಹೊಗೆ ಬಂದರೆ ಹೋಗುತ್ತಿದೆ, ಉರಿಯುತ್ತಿಲ್ಲ. ಇಷ್ಟು ತಿಳಿಯಲು ಸ್ಕ್ಯಾನರ್ ಬೇಡ. ಇಂಜೆಕ್ಟರ್ ಪೈಪಿನ ನಟ್ ಒಂದು ಸುತ್ತು ಸಡಿಲ ಮಾಡಿ, ಒಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಡೀಸೆಲ್ ಚಿಮ್ಮಿದರೆ ಪಂಪ್ ಸರಿ. 1995ರಲ್ಲಿ ಪಡುಬಿದ್ರಿಯಲ್ಲಿ ರಾತ್ರಿ ಎರಡು ಗಂಟೆಗೆ ಹಂಚಿನ ಲಾರಿಯೊಂದನ್ನು ಟಾರ್ಚ್ ಬೆಳಕಿನಲ್ಲಿ ಹೀಗೇ ಎಬ್ಬಿಸಿ ಕಳಿಸಿದ್ದೇನೆ. ಈಗಿನವರಿಗೆ ಕಿವಿಯಲ್ಲಿ ಕೇಳುವುದು, ಕೈಯಲ್ಲಿ ಮುಟ್ಟುವುದು ಬೇಡವಾಗಿದೆ.

ಸುರತ್ಕಲ್ ಕಂಟೈನರ್
ದಯವಿಟ್ಟು ಈ ಸಲಹೆ ತೆಗೆಯಿರಿ! ಅವರು ಕಾಮನ್ ರೈಲ್ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಅದು ಹಳೇ ಪಂಪಿನ ಲೆಕ್ಕ ಅಲ್ಲ. ಸೆಲ್ಫ್ ಹೊಡೆಯುವಾಗಲೇ ರೈಲಿನಲ್ಲಿ ನೂರಾರು ಬಾರ್ ಒತ್ತಡ ಇರುತ್ತದೆ, ಓಡುವಾಗ ಸಾವಿರ ದಾಟುತ್ತದೆ. ನನ್ನ ಭಾವ ಓಡುತ್ತಿದ್ದ ಇಂಜಿನ್ನಿನಲ್ಲಿ ಲೀಕ್ ಎಲ್ಲಿ ಅಂತ ಬೆರಳಲ್ಲಿ ಮುಟ್ಟಿ ನೋಡಿದ. ಸೂಜಿ ಚುಚ್ಚಿದಷ್ಟೇ ಗಾಯ, ರಕ್ತವೂ ಬರಲಿಲ್ಲ. ಸಂಜೆಗೆ ಕೈ ಮಣಿಕಟ್ಟಿನವರೆಗೆ ಊದಿತು. ಡೀಸೆಲ್ ಚರ್ಮದ ಒಳಗೆ ಹೋಗಿತ್ತು. ಎರಡು ಆಪರೇಷನ್ ಆಯಿತು. ಇವತ್ತಿಗೂ ತೋರುಬೆರಳು ಪೂರ್ತಿ ಮಡಚುವುದಿಲ್ಲ.

ಕಾಪು, ಹಳೇ ಮೆಕ್ಯಾನಿಕ್
ನಿಮ್ಮ ಭಾವ ಓಡುವ ಇಂಜಿನ್ನಿಗೆ ಕೈ ಹಾಕಿದ್ದಕ್ಕೆ ನಾನು ಜವಾಬ್ದಾರನಾ? ನಾನು ಹೇಳಿದ್ದು ತತ್ವ. ಡೀಸೆಲ್ ಬರ್ತದಾ ಇಲ್ವಾ ನೋಡಿ ಅಂತ.

ಸುರತ್ಕಲ್ ಕಂಟೈನರ್
ತತ್ವ ಓದಿ ಯಾರಾದರೂ ಪಾನಾ ಹಿಡಿದು ಹೋದರೆ? ಬರೆಯುವಾಗ ಯೋಚನೆ ಇರಲಿ ಮಾರಾಯ್ರೆ.

ಕಾರ್ಕಳ ಕಲ್ಲಿನ ಲಾರಿ
ಇಬ್ಬರೂ ಸುಮ್ನೆ ಜಗಳ ಆಡುತ್ತಿದ್ದೀರಿ. ನನ್ನ ಗಾಡಿ ಏಳು ತಿಂಗಳು ಹೀಗೇ ಆಟ ಆಡಿಸಿತು. ಸಂಜೆ ಸರಿ ಇರುತ್ತದೆ, ಬೆಳಿಗ್ಗೆ ಸ್ಟಾರ್ಟ್ ಇಲ್ಲ. ಫಿಲ್ಟರ್ ಮೇಲಿನ ಹ್ಯಾಂಡ್ ಪಂಪ್ ಒತ್ತಿದರೆ ಮೆತ್ತಗೆ, ಮೂವತ್ತು ನಲವತ್ತು ಸಲ ಒತ್ತಿದ ಮೇಲೆ ಗಟ್ಟಿ, ಆಗ ಸ್ಟಾರ್ಟ್. ಫಿಲ್ಟರ್ ನಾಲ್ಕು ಸಲ ಬದಲಾಯಿಸಿದೆ, ಸಲಕ್ಕೆ 1,180. ತಾಮ್ರದ ವಾಷರ್ ಎಲ್ಲ ಹೊಸದು. ಎಲ್ಲೂ ಒಂದು ಹನಿ ಲೀಕ್ ಕಾಣಲಿಲ್ಲ.

ಕಾಣುವುದೂ ಇಲ್ಲ. ಟ್ಯಾಂಕಿನಿಂದ ಪಂಪಿನವರೆಗೆ ಡೀಸೆಲ್ ಎಳೆದುಕೊಂಡು ಬರುತ್ತದೆ. ಅಲ್ಲಿ ಸಣ್ಣ ತೂತು ಇದ್ದರೆ ಡೀಸೆಲ್ ಹೊರಗೆ ಬರುವುದಕ್ಕಿಂತ ಗಾಳಿ ಒಳಗೆ ಹೋಗುವುದೇ ಜಾಸ್ತಿ. ನಾನು ಫಿಲ್ಟರಿಗೆ ಬರುವ ಜಾಗದಲ್ಲಿ ಒಂದು ಗೇಣು ಪಾರದರ್ಶಕ ಪೈಪ್ ಹಾಕಿ ಕೂತು ನೋಡಿದೆ. ಸಾಸಿವೆ ಕಾಳಿನಷ್ಟು ಗುಳ್ಳೆಗಳು, ಒಂದರ ಹಿಂದೆ ಒಂದು. ಆಮೇಲೆ ಟ್ಯಾಂಕಿನ ಪೈಪ್ ಬಿಟ್ಟು, ಐದು ಲೀಟರ್ ಕ್ಯಾನಿನಲ್ಲಿ ಹೊಸ ಡೀಸೆಲ್ ಇಟ್ಟು ಅದರಿಂದ ಎಳೆಸಿದೆ. ಗುಳ್ಳೆ ನಿಂತಿತು, ಗಾಡಿ ಓಡಿತು. ಚಾಸಿ ಕ್ಲಿಪ್ಪಿಗೆ ಉಜ್ಜಿ ಪೈಪ್ ಸವೆದಿತ್ತು. 60 ರೂಪಾಯಿ ಪೈಪ್. ಯಾವ ಗ್ಯಾರೇಜಿನವರೂ ಹಿಡಿಯದ್ದನ್ನು ನಾನು ಹಿಡಿದೆ.

ಬಿ.ಸಿ. ರೋಡ್
ಈಗ ಡೀಸೆಲ್‌ಗೆ ಎಥನಾಲ್ ಬೆರೆಸುತ್ತಾರಲ್ಲ, ಅದು ನೀರು ಎಳೆಯುತ್ತದೆ. ಎಲ್ಲದಕ್ಕೂ ಅದೇ ಕಾರಣ.

ಮೂಡುಬಿದಿರೆ, ಎರಡು ಲಾರಿ
20 ಶೇಕಡಾ ಎಥನಾಲ್ ಹಾಕುವುದು ಪೆಟ್ರೋಲಿಗೆ. ತಿಳಿಯದೆ ಹೇಳಬೇಡಿ. ನೀರು ಬರಲು ಎಥನಾಲ್ ಬೇಕಾಗಿಲ್ಲ, ನಮ್ಮ ಮಳೆಗಾಲವೇ ಸಾಕು.

ಯಜಮಾನರು ಹೋದ ಮೇಲೆ ಎರಡು ಲಾರಿ ನಾನೇ ನೋಡಿಕೊಳ್ಳುತ್ತಿದ್ದೇನೆ. ಮೊದಲ ಮಳೆಗಾಲದಲ್ಲಿ ಒಂದನ್ನು ಅರ್ಧ ಟ್ಯಾಂಕಿನಲ್ಲಿ ಹಾಗೇ ನಿಲ್ಲಿಸಿದೆ. ಖಾಲಿ ಜಾಗದ ಗಾಳಿಯಲ್ಲಿ ಇರುವ ತೇವ ರಾತ್ರಿ ತಣ್ಣಗಾದಾಗ ನೀರಾಗಿ ಇಳಿಯುತ್ತದೆ. ಮುಚ್ಚಳದ ರಬ್ಬರ್ ಹೋಗಿದ್ದರೆ ಮಳೆ ನೀರೂ ಸೇರುತ್ತದೆ. ನೀರು ಭಾರ, ಡೀಸೆಲಿನ ಅಡಿಗೆ ಹೋಗಿ ಕೂರುತ್ತದೆ. ಎಳೆಯುವ ಪೈಪಿನ ಬಾಯಿಯೂ ಅಡಿಯಲ್ಲೇ ಇರುವುದು. ಡೀಸೆಲಿನಿಂದ ನೀರು ಬೇರ್ಪಡಿಸುವ ಸೆಪರೇಟರ್ ಕೆಳಗಿನ ಸ್ಕ್ರೂ ಬಿಟ್ಟು ಉಪ್ಪಿನಕಾಯಿಯ ಗಾಜಿನ ಬಾಟಲಿಯಲ್ಲಿ ಹಿಡಿದೆ. ಹತ್ತು ನಿಮಿಷ ಕಟ್ಟೆಯ ಮೇಲಿಟ್ಟೆ. ಮೇಲೆ ಹಳದಿ ಡೀಸೆಲ್, ಕೆಳಗೆ ಎರಡು ಬೆರಳು ನೀರು, ನಡುವೆ ಕಪ್ಪು ಲೋಳೆ. ನೀರು ಮತ್ತು ಡೀಸೆಲ್ ಸೇರುವ ಜಾಗದಲ್ಲಿ ಸೂಕ್ಷ್ಮಜೀವಿ ಬೆಳೆಯುತ್ತದೆ, ಆ ಲೋಳೆ ಅದೇ. ಜಾಲರಿಗೆ ಮೆತ್ತಿಕೊಂಡರೆ ಮುಗಿಯಿತು. ಟ್ಯಾಂಕ್ ಇಳಿಸಿ ತೊಳೆಸಲು 4,500 ಆಯಿತು. ಆಮೇಲೆ ಮಳೆಗಾಲಕ್ಕೆ ಗಾಡಿ ನಿಲ್ಲಿಸುವುದಾದರೆ ಸಾಲ ಮಾಡಿಯಾದರೂ ಟ್ಯಾಂಕ್ ಫುಲ್ ಮಾಡಿಸುತ್ತೇನೆ.

ಉಪ್ಪೂರು
ಹೆಗ್ಗಣ ನೋಡಿದಿರಾ? ನನ್ನದು ಒಂದು ತಿಂಗಳು ನಿಂತದ್ದಕ್ಕೆ ಇಂಜಿನ್ ಮೇಲೆ ಗೂಡು ಕಟ್ಟಿ ವೈರ್ ಕಡಿದು ಹಾಕಿತ್ತು. ಮೀನಿನ ಗಾಡಿಗೆ ಕೇಳಬೇಕಾ, ವಾಸನೆಗೇ ಬರುತ್ತವೆ. ಮೀನಿನ ಉಪ್ಪು ನೀರು ಸೋರಿ ಅರ್ಥ್ ವೈರಿನ ಬೋಲ್ಟಿಗೆ ಹಸಿರು ಹಿಡಿದಿರುತ್ತದೆ, ಅದನ್ನೂ ನೋಡಿ.

ಬೈಕಂಪಾಡಿ ಟಿಪ್ಪರ್
ಅಂಗಳಕ್ಕೆ ಬಂದು ನೋಡಿದ ಕೂಡಲೇ 76 ಸಾವಿರದ ಲೆಕ್ಕ ಹೇಳುವವರನ್ನು ಮೊದಲು ಹೊರಗೆ ಕಳಿಸಿ. ಉಡುಪಿ ಕಡೆ ಇದು ಜಾಸ್ತಿ.

ಕಾಪು, ಹಳೇ ಮೆಕ್ಯಾನಿಕ್
ಉಡುಪಿ ಕಡೆಯವರ ಬಗ್ಗೆ ಬಾಯಿಗೆ ಬಂದದ್ದು ಹೇಳಬೇಡಿ. ನಿಮಗೆ 83 ಸಾವಿರ ಹಾಕಿದ್ದು ಮಂಗಳೂರಿನಲ್ಲೇ ಅಲ್ವಾ? ನನ್ನ ಶೆಡ್ಡಿನಲ್ಲಿ ಕೆಲಸ ಕಲಿತ ಹದಿನಾಲ್ಕು ಹುಡುಗರಲ್ಲಿ ಒಬ್ಬನೂ ಸುಳ್ಳು ಬಿಲ್ ಬರೆದಿಲ್ಲ.

ಬೈಕಂಪಾಡಿ ಟಿಪ್ಪರ್
ನಿಮ್ಮ ಹುಡುಗರ ಬಗ್ಗೆ ನಾನು ಹೇಳಲಿಲ್ಲ. ಆದರೆ ನನ್ನ ಹನ್ನೊಂದು ದಿನದ ಬಾಡಿಗೆ ಯಾರೂ ವಾಪಸ್ ಕೊಡಲಿಲ್ಲ.

ಕೇಳಿದವರು: ಮಲ್ಪೆ ಮೀನಿನ ಗಾಡಿ
ಇವತ್ತು ನೋಡಿದೆ. ಆರ್‌ಪಿಎಂ ಮುಳ್ಳು ಏಳುತ್ತದೆ. ವೈರ್ ಎಲ್ಲ ಸರಿ ಉಂಟು. ಬಾಟಲಿಯಲ್ಲಿ ಅರ್ಧ ಭಾಗ ನೀರೇ ಬಂತು. ಸೆಪರೇಟರ್ ಖಾಲಿ ಮಾಡಿ, ಎರಡು ಫಿಲ್ಟರ್ ಹೊಸದು ಹಾಕಿ, ಕಾರ್ಕಳದವರು ಹೇಳಿದ ಹಾಗೆ ಕ್ಯಾನಿನಿಂದ ಪೈಪ್ ಕೊಟ್ಟೆ. ಹ್ಯಾಂಡ್ ಪಂಪ್ ಗಟ್ಟಿಯಾಗುವವರೆಗೆ ಒತ್ತಿದೆ. ಐದನೇ ಸೆಲ್ಫಿಗೆ ಕೆಮ್ಮಿತು, ಬಿಳಿ ಹೊಗೆ ಬಂತು, ಏಳನೆಯದಕ್ಕೆ ಹಿಡಿಯಿತು. ತಾಯಿ ಒಳಗಿನಿಂದ ಓಡಿ ಬಂದರು. ಐಡ್ಲಿಂಗ್‌ನಲ್ಲಿ ಸ್ವಲ್ಪ ನಡುಗುತ್ತದೆ, ನೀರು ಒಂದು ಇಂಜೆಕ್ಟರಿಗೆ ಪೆಟ್ಟು ಕೊಟ್ಟಿರಬಹುದಾ ಅಂತ ಭಯ ಉಂಟು. ನಾಳೆ ಟ್ಯಾಂಕ್ ಇಳಿಸುತ್ತೇನೆ. ಉಡುಪಿ ಹತ್ತಿರ ಟ್ಯಾಂಕ್ ಒಳಗೆ ಸರಿಯಾಗಿ ತೊಳೆಯುವವರು ಯಾರಿದ್ದಾರೆ?

ಕಾಪು, ಹಳೇ ಮೆಕ್ಯಾನಿಕ್
ಟ್ಯಾಂಕ್ ಇಳಿಸಿ ಇಟ್ಟಿರಿ. ಬೆಳಿಗ್ಗೆ ಎಂಟಕ್ಕೆ ಹುಡುಗನನ್ನು ಕರೆದುಕೊಂಡು ನಾನೇ ಬರುತ್ತೇನೆ. ಇಂಜೆಕ್ಟರ್ ರಿಟರ್ನ್, ಅಂದರೆ ಇಂಜೆಕ್ಟರಿನಿಂದ ವಾಪಸ್ ಬರುವ ಡೀಸೆಲ್, ಸಹ ಅಲ್ಲೇ ಅಳೆದು ನೋಡುವ. ಅಲ್ಲಿವರೆಗೆ ಯಾರು ಹೇಳಿದರೂ ಬೇರೆ ಏನೂ ಬಿಚ್ಚಬೇಡಿ.

ಸುರತ್ಕಲ್ ಕಂಟೈನರ್
ರೈಲಿನ ನಟ್ ಮಾತ್ರ ಸಡಿಲ ಮಾಡಲು ಬಿಡಬೇಡಿ.